ಡೆಸ್ಕ್‌ಟಾಪ್ ಜಿಐಎಸ್ ತಂತ್ರಾಂಶಗಳ ಹೋಲಿಕೆ

ಡೆಸ್ಕ್‌ಟಾಪ್ ಜಿಐಎಸ್ ತಂತ್ರಾಂಶ ಎಂದರೆ ಬಳಕೆದಾರರು ತಮ್ಮ ಗಣಕಯಂತ್ರದಲ್ಲಿಯೇ ಸ್ಥಾಪಿಸಿಕೊಂಡು, ಭೌಗೋಳಿಕ ದತ್ತಾಂಶವನ್ನು ಸಂಗ್ರಹಿಸಲು, ತಿದ್ದಲು, ವಿಶ್ಲೇಷಿಸಲು ಹಾಗೂ ನಕ್ಷೆಯಾಗಿ ಮುದ್ರಿಸಲು ಬಳಸುವ ತಂತ್ರಾಂಶ. ಜಿಐಎಸ್ ಎಂಬುದು ಭೌಗೋಳಿಕ ಮಾಹಿತಿ ವ್ಯವಸ್ಥೆಯ ಇಂಗ್ಲಿಷ್ ಹೆಸರಿನ ಹ್ರಸ್ವರೂಪ. ಮೊಬೈಲ್ ಫೋನಿನ ನಕ್ಷೆಗಳು ದಾರಿ ತೋರಿಸುವುದಕ್ಕೆ ಸಾಕಾಗುತ್ತವೆ. ಆದರೆ ಒಂದು ತಾಲ್ಲೂಕಿನ ಕೆರೆಗಳ ವಿಸ್ತೀರ್ಣವನ್ನು ಲೆಕ್ಕಹಾಕಲು, ಗ್ರಾಮಗಳ ಗಡಿಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಲು ಅಥವಾ ಜನಗಣತಿಯ ಅಂಕಿಗಳನ್ನು ನಕ್ಷೆಯಲ್ಲಿ ಬಣ್ಣಗಳಾಗಿ ತೋರಿಸಲು ಡೆಸ್ಕ್‌ಟಾಪ್ ತಂತ್ರಾಂಶವೇ ಬೇಕಾಗುತ್ತದೆ.

ಈ ಕ್ಷೇತ್ರದಲ್ಲಿ ಹಣ ಕೊಟ್ಟು ಪಡೆಯುವ ಸ್ವಾಮ್ಯದ ತಂತ್ರಾಂಶಗಳೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶಗಳೂ ಜೊತೆಜೊತೆಯಾಗಿ ಬೆಳೆದಿವೆ. ಅಮೆರಿಕದ ಎಸ್ರಿ ಸಂಸ್ಥೆಯ ಆರ್ಕ್‌ಜಿಐಎಸ್ ಮೊದಲನೆಯ ಬಗೆಗೆ ಪ್ರಮುಖ ಉದಾಹರಣೆ, ಕ್ಯೂಜಿಐಎಸ್ ಎರಡನೆಯದಕ್ಕೆ. ಇವುಗಳ ಮೌಲ್ಯವನ್ನು ಹೋಲಿಸುವಾಗ ಕೊಳ್ಳುವ ಬೆಲೆಯೊಂದನ್ನೇ ನೋಡಿದರೆ ಸಾಲದು. ತರಬೇತಿ, ನಿರ್ವಹಣೆ, ಬೆಂಬಲ, ದತ್ತಾಂಶದ ಬಾಳಿಕೆ ಮತ್ತು ಮುಂದೊಂದು ದಿನ ಆ ತಂತ್ರಾಂಶವನ್ನು ಬಿಡಬೇಕಾಗಿ ಬಂದರೆ ತಗಲುವ ವೆಚ್ಚ ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ.

## ಇತಿಹಾಸ

ಗಣಕಯಂತ್ರದ ನೆರವಿನಿಂದ ಭೌಗೋಳಿಕ ಮಾಹಿತಿಯನ್ನು ನಿರ್ವಹಿಸುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1960ರ ದಶಕದಲ್ಲಿ, ಕೆನಡಾ ದೇಶದಲ್ಲಿ. ಆ ದೇಶದ ಭೂಸಂಪತ್ತಿನ ಸಮೀಕ್ಷೆಯ ನಕ್ಷೆಗಳನ್ನು ಕೈಯಿಂದ ಹೋಲಿಸಿ ಅಳೆಯುವುದು ಅಸಾಧ್ಯವೆನಿಸಿದಾಗ, ಭೂಗೋಳಶಾಸ್ತ್ರಜ್ಞ ರೋಜರ್ ಟಾಮ್ಲಿನ್‌ಸನ್ ಅವರ ನೇತೃತ್ವದಲ್ಲಿ ಕೆನಡಾ ಭೌಗೋಳಿಕ ಮಾಹಿತಿ ವ್ಯವಸ್ಥೆ ರೂಪುಗೊಂಡಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಫಿಶರ್ 1965ರಲ್ಲಿ ಸ್ಥಾಪಿಸಿದ ಪ್ರಯೋಗಾಲಯವು ಗಣಕಯಂತ್ರದಿಂದ ನಕ್ಷೆ ರಚಿಸುವ ಆರಂಭಿಕ ತಂತ್ರಾಂಶಗಳನ್ನು ಹೊರತಂದಿತು.

ಜ್ಯಾಕ್ ಡೇಂಜರ್‌ಮಂಡ್ ಮತ್ತು ಲಾರಾ ಡೇಂಜರ್‌ಮಂಡ್ ದಂಪತಿ 1969ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಪಟ್ಟಣದಲ್ಲಿ ಎಸ್ರಿ ಸಂಸ್ಥೆಯನ್ನು ಸ್ಥಾಪಿಸಿದರು. ಈ ಸಂಸ್ಥೆಯ ಆರ್ಕ್‌ಇನ್ಫೊ ತಂತ್ರಾಂಶ 1982ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಅಮೆರಿಕ ಭೂಸೇನೆಯ ನಿರ್ಮಾಣ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದಲ್ಲಿ ಗ್ರಾಸ್ ಜಿಐಎಸ್ ತಂತ್ರಾಂಶದ ಕೆಲಸ ಆರಂಭವಾಯಿತು. ಹೀಗೆ ವಾಣಿಜ್ಯ ತಂತ್ರಾಂಶ ಮತ್ತು ಸಾರ್ವಜನಿಕ ಹಣದಿಂದ ರೂಪುಗೊಂಡ ತಂತ್ರಾಂಶ ಎಂಬ ಎರಡು ಧಾರೆಗಳು ಸರಿಸುಮಾರು ಒಟ್ಟಿಗೇ ಹರಿಯತೊಡಗಿದವು. 1990ರ ದಶಕದಲ್ಲಿ ಮೇಜಿನ ಮೇಲಿನ ಗಣಕಯಂತ್ರಗಳು ಅಗ್ಗವಾದ ಮೇಲೆ, ಅಲ್ಲಿಯವರೆಗೆ ಕೆಲವೇ ಪ್ರಯೋಗಾಲಯಗಳಿಗೆ ಸೀಮಿತವಾಗಿದ್ದ ಈ ವಿದ್ಯೆ ಕಾಲೇಜುಗಳಿಗೂ ಸರ್ಕಾರಿ ಕಚೇರಿಗಳಿಗೂ ತಲುಪಿತು.

## ಪ್ರಮುಖ ತಂತ್ರಾಂಶಗಳು

### ಆರ್ಕ್‌ಜಿಐಎಸ್

ಎಸ್ರಿಯ ಡೆಸ್ಕ್‌ಟಾಪ್ ತಂತ್ರಾಂಶವು ಎರಡು ತಲೆಮಾರುಗಳಲ್ಲಿ ಪ್ರಸಿದ್ಧವಾಗಿದೆ. ಹಳೆಯದು ಆರ್ಕ್‌ಮ್ಯಾಪ್, ಹೊಸದು 2015ರ ಜನವರಿಯಲ್ಲಿ ಬಿಡುಗಡೆಯಾದ ಆರ್ಕ್‌ಜಿಐಎಸ್ ಪ್ರೊ. 10.8 ಸರಣಿಯೇ ಆರ್ಕ್‌ಮ್ಯಾಪಿನ ಕೊನೆಯ ಆವೃತ್ತಿ. ಅದಕ್ಕೆ ನೀಡುವ ಬೆಂಬಲ 2026ರ ಮಾರ್ಚ್ 1ಕ್ಕೆ ಮುಗಿಯುವುದೆಂದು ಸಂಸ್ಥೆಯು ಹಲವು ವರ್ಷ ಮುಂಚಿತವಾಗಿಯೇ ಪ್ರಕಟಿಸಿತ್ತು. ಆರ್ಕ್‌ಜಿಐಎಸ್ ಪ್ರೊ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ.

### ಮ್ಯಾಪ್‌ಇನ್ಫೊ ಪ್ರೊ

ಅಮೆರಿಕದ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ವಿದ್ಯಾರ್ಥಿಗಳು 1986ರಲ್ಲಿ ಆರಂಭಿಸಿದ ಕಂಪನಿಯ ತಂತ್ರಾಂಶವಿದು. ವ್ಯಾಪಾರ ಮತ್ತು ದೂರಸಂಪರ್ಕ ಕ್ಷೇತ್ರಗಳಲ್ಲಿ ಇದು ಹೆಚ್ಚು ಬಳಕೆಗೆ ಬಂದಿತು. 2007ರಲ್ಲಿ ಪಿಟ್ನಿ ಬೋಸ್ ಕಂಪನಿ ಇದನ್ನು ಕೊಂಡಿತು. 2019ರಲ್ಲಿ ಅದು ಸಿಂಕ್‌ಸಾರ್ಟ್ ಕಂಪನಿಯ ಪಾಲಾಯಿತು. ಆ ಕಂಪನಿ ಮರುವರ್ಷ ಪ್ರಿಸೈಸ್ಲಿ ಎಂದು ಹೆಸರು ಬದಲಿಸಿಕೊಂಡಿತು.

### ಗ್ರಾಸ್ ಜಿಐಎಸ್

ಅಮೆರಿಕದ ಭೂಸೇನೆ 1990ರ ದಶಕದ ಮಧ್ಯದಲ್ಲಿ ಈ ಯೋಜನೆಯಿಂದ ಹಿಂದೆ ಸರಿದಾಗ, ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಕೈಬಿಡದೆ ಮುಂದುವರಿಸಿದರು. 1999ರಲ್ಲಿ ಇದು ಜಿಪಿಎಲ್ ಪರವಾನಗಿಗೆ ಒಳಪಟ್ಟಿತು. ನೀರಿನ ಹರಿವು, ಜಲಾನಯನ ಪ್ರದೇಶ, ಇಳಿಜಾರು ಮುಂತಾದವುಗಳ ವಿಶ್ಲೇಷಣೆಯಲ್ಲಿ ಇದಕ್ಕೆ ವಿಶೇಷ ಹೆಸರಿದೆ. ಹೊಸಬರಿಗೆ ಇದರ ಕಲಿಕೆ ತುಸು ಕಷ್ಟ.

### ಕ್ಯೂಜಿಐಎಸ್

ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಯೋಜನೆಯಿದು. ಪೋಸ್ಟ್‌ಜಿಐಎಸ್ ದತ್ತಸಂಚಯದಲ್ಲಿರುವ ಪದರಗಳನ್ನು ಲಿನಕ್ಸ್ ಗಣಕಯಂತ್ರದಲ್ಲಿ ನೋಡಲು ಒಂದು ಸಾಧನ ಬೇಕೆಂಬುದಷ್ಟೇ ಆರಂಭದ ಉದ್ದೇಶವಾಗಿತ್ತು. 2009ರ ಜನವರಿಯಲ್ಲಿ 1.0 ಆವೃತ್ತಿ, 2013ರಲ್ಲಿ 2.0 ಆವೃತ್ತಿ, 2018ರ ಫೆಬ್ರವರಿಯಲ್ಲಿ 3.0 ಆವೃತ್ತಿ ಹೊರಬಂದವು. ಮೊದಲು ಕ್ವಾಂಟಮ್ ಜಿಐಎಸ್ ಎಂದಿದ್ದ ಹೆಸರು 2013ರಿಂದ ಕ್ಯೂಜಿಐಎಸ್ ಎಂದಾಯಿತು. ಗ್ರಾಸ್ ಜಿಐಎಸ್‌ನ ಅನೇಕ ಉಪಕರಣಗಳನ್ನು ಇದರ ಒಳಗಿನಿಂದಲೇ ಬಳಸಬಹುದು. ಪೈಥಾನ್ ಭಾಷೆಯಲ್ಲಿ ಬರೆದ ಪ್ಲಗಿನ್‌ಗಳ ಮೂಲಕ ಹೊಸ ಸೌಲಭ್ಯಗಳನ್ನು ಸೇರಿಸಿಕೊಳ್ಳಬಹುದು.

### ಇತರ ತಂತ್ರಾಂಶಗಳು

ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತೀಯ ಸರ್ಕಾರವು ಮುಕ್ತ ತಂತ್ರಾಂಶಗಳತ್ತ ಹೊರಳಿದಾಗ ತನ್ನ ಹಣದಲ್ಲಿ ಜಿವಿಸಿಗ್ ಎಂಬ ತಂತ್ರಾಂಶವನ್ನು ರೂಪಿಸಿತು. ನೆದರ್‌ಲ್ಯಾಂಡ್ಸ್‌ನ ಐಟಿಸಿ ಸಂಸ್ಥೆಯ ಇಲ್ವಿಸ್ 2007ರಿಂದ ಮುಕ್ತ ತಂತ್ರಾಂಶವಾಗಿದೆ. ಭಾರತದಲ್ಲಿ ಐಐಟಿ ಬಾಂಬೆಯ ಗ್ರಾಮ್ ಪ್ಲಸ್ ಪ್ಲಸ್ ಹಾಗೂ ಇಸ್ರೊ ಸಹಯೋಗದಿಂದ ರೂಪುಗೊಂಡ ಐಜಿಐಎಸ್ ತಂತ್ರಾಂಶಗಳಿವೆ.

| ತಂತ್ರಾಂಶ | ನಿರ್ವಹಿಸುವವರು | ಪರವಾನಗಿ | ಕಾರ್ಯಾಚರಣ ವ್ಯವಸ್ಥೆ |
|---|---|---|---|
| ಆರ್ಕ್‌ಜಿಐಎಸ್ ಪ್ರೊ | ಎಸ್ರಿ | ಸ್ವಾಮ್ಯದ | ವಿಂಡೋಸ್ |
| ಮ್ಯಾಪ್‌ಇನ್ಫೊ ಪ್ರೊ | ಪ್ರಿಸೈಸ್ಲಿ | ಸ್ವಾಮ್ಯದ | ವಿಂಡೋಸ್ |
| ಕ್ಯೂಜಿಐಎಸ್ | ಅಂತರರಾಷ್ಟ್ರೀಯ ಸಮುದಾಯ | ಜಿಪಿಎಲ್ | ವಿಂಡೋಸ್, ಮ್ಯಾಕ್, ಲಿನಕ್ಸ್ |
| ಗ್ರಾಸ್ ಜಿಐಎಸ್ | ಅಂತರರಾಷ್ಟ್ರೀಯ ಸಮುದಾಯ | ಜಿಪಿಎಲ್ | ವಿಂಡೋಸ್, ಮ್ಯಾಕ್, ಲಿನಕ್ಸ್ |

## ಬೆಲೆ ಮತ್ತು ಪರವಾನಗಿ

ಸ್ವಾಮ್ಯದ ತಂತ್ರಾಂಶವನ್ನು ಕೊಂಡಾಗ ಗ್ರಾಹಕರಿಗೆ ಸಿಗುವುದು ಅದರ ಒಡೆತನವಲ್ಲ, ಬಳಸುವ ಅನುಮತಿ. ಆರ್ಕ್‌ಜಿಐಎಸ್ ಡೆಸ್ಕ್‌ಟಾಪ್ ದೀರ್ಘಕಾಲ ಬೇಸಿಕ್, ಸ್ಟ್ಯಾಂಡರ್ಡ್ ಮತ್ತು ಅಡ್ವಾನ್ಸ್ಡ್ ಎಂಬ ಮೂರು ಹಂತಗಳಲ್ಲಿ ಮಾರಾಟವಾಯಿತು. ರಾಸ್ಟರ್ ವಿಶ್ಲೇಷಣೆ, ಮೂರು ಆಯಾಮಗಳ ನೋಟ, ರಸ್ತೆಜಾಲದ ವಿಶ್ಲೇಷಣೆ ಮೊದಲಾದವುಗಳಿಗೆ ಬೇರೆ ಬೇರೆ ವಿಸ್ತರಣೆಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗಿತ್ತು. ಒಮ್ಮೆ ಕೊಂಡು ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟುವ ಪದ್ಧತಿಯಿಂದ ವಾರ್ಷಿಕ ಚಂದಾ ಪದ್ಧತಿಯತ್ತ ಸಂಸ್ಥೆಯು ಕ್ರಮೇಣ ಸಾಗಿದೆ. ಚಂದಾ ಪದ್ಧತಿಯಲ್ಲಿ ಪಾವತಿ ನಿಂತರೆ ಬಳಕೆಯೂ ನಿಲ್ಲುತ್ತದೆ. ಬೆಲೆಯು ದೇಶ, ಬಳಕೆದಾರರ ಸಂಖ್ಯೆ ಮತ್ತು ಸಂಸ್ಥೆಯ ಸ್ವರೂಪಕ್ಕೆ ಅನುಗುಣವಾಗಿ ಬದಲಾಗುವುದರಿಂದ ಎಲ್ಲರಿಗೂ ಅನ್ವಯಿಸುವ ಒಂದೇ ದರವನ್ನು ಹೇಳಲಾಗದು. ವಿದ್ಯಾರ್ಥಿಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ರಿಯಾಯಿತಿ ದರಗಳಿವೆ.

ಜಿಪಿಎಲ್ ಪರವಾನಗಿಯಡಿ ಬರುವ ಕ್ಯೂಜಿಐಎಸ್ ಮತ್ತು ಗ್ರಾಸ್ ಜಿಐಎಸ್‌ಗಳಿಗೆ ಶುಲ್ಕವಿಲ್ಲ. ಆದರೆ 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಪದಗಳ ಅರ್ಥ ಒಂದೇ ಅಲ್ಲ. ಉಚಿತವೆಂದರೆ ಬೆಲೆಯಿಲ್ಲದ್ದು. ಮುಕ್ತವೆಂದರೆ ಬಳಸುವ, ಮೂಲಸಂಕೇತವನ್ನು ಓದುವ, ತಿದ್ದುವ ಹಾಗೂ ಮತ್ತೊಬ್ಬರಿಗೆ ಹಂಚುವ ಹಕ್ಕುಳ್ಳದ್ದು. ಇಂದು ಉಚಿತವಾಗಿ ಸಿಗುವ ಒಂದು ಸ್ವಾಮ್ಯದ ತಂತ್ರಾಂಶಕ್ಕೆ ನಾಳೆ ಬೆಲೆ ಬರಬಹುದು. ಜಿಪಿಎಲ್ ಅಡಿಯಲ್ಲಿ ಒಮ್ಮೆ ಬಿಡುಗಡೆಯಾದ ಆವೃತ್ತಿಯ ಮೇಲಿನ ಹಕ್ಕು ಹಾಗೆ ಕೈತಪ್ಪುವುದಿಲ್ಲ. ಸೇನೆಯ ಪ್ರಯೋಗಾಲಯವು ಹಿಂದೆ ಸರಿದರೂ ಗ್ರಾಸ್ ಜಿಐಎಸ್ ಉಳಿದುಕೊಳ್ಳಲು ಅದರ ಮೂಲಸಂಕೇತ ಸಾರ್ವಜನಿಕರ ಕೈಯಲ್ಲಿದ್ದುದೇ ಕಾರಣ.

ಮುಕ್ತ ತಂತ್ರಾಂಶಕ್ಕೂ ಯಾರಾದರೂ ಹಣ ಹಾಕಲೇಬೇಕು. ಕ್ಯೂಜಿಐಎಸ್ ಯೋಜನೆಯು ಸದಸ್ಯ ಸಂಸ್ಥೆಗಳ ವಂತಿಗೆ, ವ್ಯಕ್ತಿಗಳ ದೇಣಿಗೆ ಹಾಗೂ ತಮಗೆ ಬೇಕಾದ ಸೌಲಭ್ಯವನ್ನು ಹಣ ಕೊಟ್ಟು ಬರೆಸಿ ಎಲ್ಲರ ಬಳಕೆಗೆ ಬಿಟ್ಟುಕೊಡುವ ಸಂಸ್ಥೆಗಳ ನೆರವಿನಿಂದ ನಡೆಯುತ್ತದೆ. ಯಾವ ಕೊಡುಗೆಯನ್ನೂ ನೀಡದ ಬಳಕೆದಾರರು ತಮಗೆ ತೊಂದರೆ ಕೊಡುವ ದೋಷವು ಬೇರೆಯವರಿಂದ ಸರಿಹೋಗುವವರೆಗೆ ಕಾಯಬೇಕಾಗಬಹುದು.

## ಒಟ್ಟು ವೆಚ್ಚ

ಪರವಾನಗಿಯ ಬೆಲೆಗೆ ಹೊರತಾಗಿ ಸಾಮಾನ್ಯವಾಗಿ ಐದು ಬಗೆಯ ವೆಚ್ಚಗಳನ್ನು ಗಣಿಸಲಾಗುತ್ತದೆ.

* ತರಬೇತಿ: ಸಿಬ್ಬಂದಿಯು ಹೊಸ ತಂತ್ರಾಂಶವನ್ನು ಕಲಿಯುವ ಅವಧಿಯಲ್ಲಿ ದಿನನಿತ್ಯದ ಕೆಲಸ ನಿಧಾನವಾಗುತ್ತದೆ. ಉಚಿತ ತಂತ್ರಾಂಶಕ್ಕೂ ಈ ವೆಚ್ಚ ತಪ್ಪಿದ್ದಲ್ಲ.
* ಬೆಂಬಲ: ಸ್ವಾಮ್ಯದ ತಂತ್ರಾಂಶದಲ್ಲಿ ನಿರ್ವಹಣಾ ಶುಲ್ಕದೊಂದಿಗೆ ಕಂಪನಿಯ ನೆರವು ದೊರೆಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಬಳಕೆದಾರರ ಸಮುದಾಯವನ್ನು ಅವಲಂಬಿಸಬೇಕು ಅಥವಾ ಬೆಂಬಲ ನೀಡುವ ಖಾಸಗಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು.
* ಯಂತ್ರೋಪಕರಣ: ಹೊಸ ಆವೃತ್ತಿಗಳು ಹೆಚ್ಚು ಸಾಮರ್ಥ್ಯದ ಗಣಕಯಂತ್ರವನ್ನು ಬೇಡುತ್ತವೆ. ವಿಂಡೋಸ್ ಕಡ್ಡಾಯವಾಗಿರುವ ತಂತ್ರಾಂಶದಲ್ಲಿ ಅದರ ಪರವಾನಗಿಯೂ ವೆಚ್ಚಕ್ಕೆ ಸೇರುತ್ತದೆ.
* ದತ್ತಾಂಶದ ಪರಿವರ್ತನೆ: ಹಳೆಯ ಕಡತಗಳನ್ನು ಹೊಸ ಸ್ವರೂಪಕ್ಕೆ ತಂದು, ತಪ್ಪುಗಳನ್ನು ಪರಿಶೀಲಿಸಲು ಸಮಯ ಹಿಡಿಯುತ್ತದೆ.
* ಹೊರಬರುವ ವೆಚ್ಚ: ತಂತ್ರಾಂಶವನ್ನು ಬಿಡುವಾಗ ಎಷ್ಟು ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುವುದೆಂಬ ಲೆಕ್ಕವಿದು.

ಕೊಳ್ಳುವ ಹೊತ್ತಿನಲ್ಲಿ ಕಣ್ಣಿಗೆ ಬೀಳದ ಕೊನೆಯ ಎರಡು ವೆಚ್ಚಗಳೇ ಅನೇಕ ಸಂದರ್ಭಗಳಲ್ಲಿ ದೊಡ್ಡವಾಗಿರುತ್ತವೆ. ನಕ್ಷೆಯೊಂದರ ಆಯುಷ್ಯ ಅದನ್ನು ರಚಿಸಿದ ತಂತ್ರಾಂಶದ ಆಯುಷ್ಯಕ್ಕಿಂತ ದೀರ್ಘವಾದದ್ದು. ಒಂದು ಜಿಲ್ಲೆಯ ಗ್ರಾಮಗಡಿಗಳನ್ನು ಒಮ್ಮೆ ಗಣಕೀಕರಿಸಿದರೆ ಅವು ಹಲವು ದಶಕ ಬಳಕೆಯಲ್ಲಿರುತ್ತವೆ. ತಂತ್ರಾಂಶಗಳಾದರೋ ಆ ಅವಧಿಯಲ್ಲಿ ಎರಡು ಮೂರು ತಲೆಮಾರು ಕಂಡಿರುತ್ತವೆ.

## ಕಾರ್ಯಸಾಮರ್ಥ್ಯ

ಪದರಗಳನ್ನು ಒಂದರ ಮೇಲೊಂದು ಹೊಂದಿಸುವುದು, ಹಳೆಯ ಕಾಗದದ ನಕ್ಷೆಯನ್ನು ಅದರ ನಿಜವಾದ ಸ್ಥಾನಕ್ಕೆ ಕೂರಿಸುವುದು, ರೇಖೆ ಮತ್ತು ಕ್ಷೇತ್ರಗಳನ್ನು ಬಿಡಿಸುವುದು, ದೂರ ಹಾಗೂ ವಿಸ್ತೀರ್ಣ ಅಳೆಯುವುದು, ಒಂದೇ ಮಾದರಿಯ ಹತ್ತಾರು ಪುಟಗಳ ನಕ್ಷೆಗಳನ್ನು ಸಾಲಾಗಿ ಮುದ್ರಿಸುವುದು ಇವೆಲ್ಲವನ್ನೂ ಆರ್ಕ್‌ಜಿಐಎಸ್ ಪ್ರೊ ಮತ್ತು ಕ್ಯೂಜಿಐಎಸ್ ಎರಡೂ ಮಾಡುತ್ತವೆ. ಪದವಿ ತರಗತಿಯ ಪ್ರಾಯೋಗಿಕ ಅಭ್ಯಾಸಕ್ಕೆ ಅಥವಾ ಗ್ರಾಮಮಟ್ಟದ ಯೋಜನಾ ನಕ್ಷೆಗೆ ಇವೆರಡರಲ್ಲಿ ಯಾವುದಾದರೂ ಸಾಕು.

ವ್ಯತ್ಯಾಸ ಕಾಣುವುದು ದೊಡ್ಡ ಸಂಸ್ಥೆಗಳ ಕೆಲಸದಲ್ಲಿ. ಅಕ್ಕಪಕ್ಕದ ಎರಡು ಗ್ರಾಮಗಳ ಗಡಿಗಳ ನಡುವೆ ಸಂದು ಇರಬಾರದು, ಒಂದರ ಮೇಲೊಂದು ಏರಲೂ ಬಾರದು. ಇಂತಹ ನಿಯಮಗಳನ್ನು ದತ್ತಸಂಚಯದಲ್ಲೇ ಬರೆದಿಟ್ಟು, ತಪ್ಪುಗಳನ್ನು ಪತ್ತೆಹಚ್ಚಿ ತಿದ್ದುವ ವ್ಯವಸ್ಥೆಯನ್ನು ಎಸ್ರಿಯ ಜಿಯೊಡೇಟಾಬೇಸ್ ಒದಗಿಸುತ್ತದೆ. ಆದರೆ ಇದು ಬೇಸಿಕ್ ಹಂತದಲ್ಲಿ ದೊರೆಯದು. ಅನೇಕರು ಏಕಕಾಲದಲ್ಲಿ ಒಂದೇ ದತ್ತಾಂಶವನ್ನು ತಿದ್ದಿ, ಮೇಲ್ವಿಚಾರಕರು ಒಪ್ಪಿದ ನಂತರವೇ ಮೂಲದೊಡನೆ ಸೇರಿಸುವ ಏರ್ಪಾಡು ಸಹ ಅದರಲ್ಲಿ ಪಕ್ವವಾಗಿದೆ. ವಿದ್ಯುತ್, ನೀರು ಸರಬರಾಜು, ಅನಿಲ ಕೊಳವೆ ಮುಂತಾದ ಜಾಲಗಳನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಈ ಸೌಲಭ್ಯಗಳು ಬೆಲೆಗೆ ತಕ್ಕ ಪ್ರಯೋಜನ ನೀಡಬಲ್ಲವು.

ಕ್ಯೂಜಿಐಎಸ್‌ನಲ್ಲಿಯೂ ಗಡಿದೋಷಗಳನ್ನು ಪರೀಕ್ಷಿಸುವ ಉಪಕರಣಗಳಿವೆ. ಪೋಸ್ಟ್‌ಜಿಐಎಸ್ ದತ್ತಸಂಚಯದೊಂದಿಗೆ ಅನೇಕರು ಒಟ್ಟಿಗೆ ಕೆಲಸ ಮಾಡಬಹುದು. ಆದರೆ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಳ್ಳುವ ಹೊಣೆ ಬಳಕೆದಾರ ಸಂಸ್ಥೆಯದೇ. ಅದಕ್ಕೆ ಬಲ್ಲ ಸಿಬ್ಬಂದಿ ಬೇಕು. ಪ್ಲಗಿನ್‌ಗಳ ಗುಣಮಟ್ಟವೂ ಒಂದೇ ಸಮನಾಗಿಲ್ಲ. ಬರೆದವರು ಕೈಬಿಟ್ಟ ಪ್ಲಗಿನ್ ಮುಂದಿನ ಆವೃತ್ತಿಯಲ್ಲಿ ಕೆಲಸ ಮಾಡದಿರಬಹುದು.

ಮೇಲ್ನೋಟಕ್ಕೆ ಪ್ರತಿಸ್ಪರ್ಧಿಗಳಾದ ಈ ತಂತ್ರಾಂಶಗಳು ಒಳಗಡೆ ಒಂದನ್ನೊಂದು ಅವಲಂಬಿಸಿವೆ. ಫ್ರ್ಯಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ ಜಿಡಿಎಎಲ್ ಎಂಬ ಮುಕ್ತ ಸಂಕೇತಸಂಗ್ರಹವು ನಾನಾ ಸ್ವರೂಪದ ಕಡತಗಳನ್ನು ಓದಲು ನೆರವಾಗುತ್ತದೆ. ಕ್ಯೂಜಿಐಎಸ್ ಇದನ್ನೇ ಆಧರಿಸಿದೆ; ಆರ್ಕ್‌ಜಿಐಎಸ್ ಸಹ ಅನೇಕ ರಾಸ್ಟರ್ ಸ್ವರೂಪಗಳನ್ನು ಓದಲು ಇದನ್ನು ಬಳಸುತ್ತದೆ.

## ಕಡತಸ್ವರೂಪ ಮತ್ತು ದತ್ತಾಂಶದ ಬಾಳಿಕೆ

ಜಿಐಎಸ್ ಕೆಲಸದಲ್ಲಿ ಎರಡು ಬಗೆಯ ಕಡತಗಳಿರುತ್ತವೆ. ದತ್ತಾಂಶದ ಕಡತದಲ್ಲಿ ಗಡಿ, ರಸ್ತೆ, ಕೆರೆ ಮುಂತಾದವುಗಳ ಆಕಾರ ಮತ್ತು ವಿವರಗಳಿರುತ್ತವೆ. ಯೋಜನಾ ಕಡತದಲ್ಲಿ ಯಾವ ಪದರ ಎಲ್ಲಿದೆ, ಯಾವ ಬಣ್ಣದಲ್ಲಿ ಕಾಣಬೇಕು, ಹೆಸರುಗಳು ಎಲ್ಲಿ ಬರಬೇಕು ಎಂಬ ಸೂಚನೆಗಳು ಮಾತ್ರ ಇರುತ್ತವೆ. ಯೋಜನಾ ಕಡತವೊಂದನ್ನೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ಬೇರೆ ಗಣಕಯಂತ್ರದಲ್ಲಿ ನಕ್ಷೆ ತೆರೆದುಕೊಳ್ಳದಿರುವುದಕ್ಕೆ ಇದೇ ಕಾರಣ.

ದತ್ತಾಂಶದ ಕಡತಗಳ ಪೈಕಿ ಅತ್ಯಂತ ವ್ಯಾಪಕವಾದದ್ದು ಶೇಪ್‌ಫೈಲ್. ಇದು ಎಸ್ರಿಯದೇ ಸೃಷ್ಟಿ. ಸಂಸ್ಥೆಯು 1998ರಲ್ಲಿ ಇದರ ತಾಂತ್ರಿಕ ವಿವರಣೆಯನ್ನು ಪ್ರಕಟಿಸಿದ್ದರಿಂದ ಎಲ್ಲ ತಂತ್ರಾಂಶಗಳೂ ಇದನ್ನು ಓದಬಲ್ಲವು. ಇದರ ಮಿತಿಗಳೂ ಅನೇಕ: ಒಂದು ಪದರಕ್ಕೆ ಹಲವು ಕಡತಗಳು ಬೇಕು, ಒಂದೊಂದು ಕಡತದ ಗಾತ್ರ 2 ಗಿಗಾಬೈಟ್ ಮೀರುವಂತಿಲ್ಲ, ಕಾಲಂ ಹೆಸರು 10 ಬೈಟ್‌ಗಳನ್ನು ದಾಟುವಂತಿಲ್ಲ.

ಮುಕ್ತ ಭೂದತ್ತಾಂಶ ಒಕ್ಕೂಟವಾದ ಓಜಿಸಿ 2014ರಲ್ಲಿ ಅಂಗೀಕರಿಸಿದ ಜಿಯೊಪ್ಯಾಕೇಜ್ ಈ ಮಿತಿಗಳನ್ನು ನಿವಾರಿಸುತ್ತದೆ. ಎಲ್ಲ ಪದರಗಳನ್ನೂ ಒಂದೇ ಕಡತದಲ್ಲಿ ಇಡಬಹುದು. ಆರ್ಕ್‌ಜಿಐಎಸ್ ಪ್ರೊ ಮತ್ತು ಕ್ಯೂಜಿಐಎಸ್ ಎರಡರಲ್ಲೂ ತೆರೆಯಬಹುದು. ಎಸ್ರಿಯ ಫೈಲ್ ಜಿಯೊಡೇಟಾಬೇಸ್‌ನ ಒಳರಚನೆಯನ್ನು ಸಂಸ್ಥೆಯು ಪ್ರಕಟಿಸಿಲ್ಲ. ಆದರೂ ಸ್ವತಂತ್ರ ಅಭಿವೃದ್ಧಿಕಾರರು ಅದನ್ನು ಅಧ್ಯಯನ ಮಾಡಿ ಓದುವ ವಿಧಾನ ಕಂಡುಕೊಂಡರು. 2022ರ ಕೊನೆಯಲ್ಲಿ ಬಂದ ಜಿಡಿಎಎಲ್ 3.6 ಆವೃತ್ತಿಯಿಂದ ಬರೆಯುವುದೂ ಸಾಧ್ಯವಾಯಿತು.

ಯೋಜನಾ ಕಡತಗಳ ವಿಷಯದಲ್ಲಿ ಇಂತಹ ಹೊಂದಾಣಿಕೆ ಇಲ್ಲ. ಒಂದು ತಂತ್ರಾಂಶದಲ್ಲಿ ಸಿದ್ಧಪಡಿಸಿದ ಚಿಹ್ನೆ, ಬಣ್ಣ, ಅಕ್ಷರವಿನ್ಯಾಸಗಳು ಇನ್ನೊಂದಕ್ಕೆ ಪೂರ್ಣವಾಗಿ ವರ್ಗಾವಣೆಯಾಗುವುದಿಲ್ಲ. ದತ್ತಾಂಶ ಉಳಿದರೂ ನಕ್ಷೆಯ ರೂಪವನ್ನು ಮತ್ತೆ ಕಟ್ಟಬೇಕಾಗುತ್ತದೆ.

## ತಲೆಮಾರು ಬದಲಾವಣೆಯ ಪರಿಣಾಮ

ಬೇರೆ ತಂತ್ರಾಂಶಕ್ಕೆ ಹೋಗುವಾಗ ಮಾತ್ರವಲ್ಲ, ಅದೇ ತಂತ್ರಾಂಶದ ಹೊಸ ತಲೆಮಾರಿಗೆ ಹೋಗುವಾಗಲೂ ವೆಚ್ಚ ತಪ್ಪದು. ಆರ್ಕ್‌ಮ್ಯಾಪಿನ ನಕ್ಷೆಗಳನ್ನು ಆರ್ಕ್‌ಜಿಐಎಸ್ ಪ್ರೊ ಆಮದು ಮಾಡಿಕೊಳ್ಳುತ್ತದೆ. ಅಲ್ಲಿ ಉಳಿಸಿದ ಯೋಜನೆಯನ್ನು ಮತ್ತೆ ಆರ್ಕ್‌ಮ್ಯಾಪಿನಲ್ಲಿ ತೆರೆಯಲಾಗದು. ಮೈಕ್ರೋಸಾಫ್ಟ್ ಆಕ್ಸೆಸ್ ಆಧಾರಿತ ಪರ್ಸನಲ್ ಜಿಯೊಡೇಟಾಬೇಸ್ ಎಂಬ ಹಳೆಯ ಸ್ವರೂಪಕ್ಕೆ ಹೊಸ ತಂತ್ರಾಂಶದಲ್ಲಿ ಬೆಂಬಲವಿಲ್ಲ. ಆರ್ಕ್‌ಮ್ಯಾಪಿನಲ್ಲಿ ಪೈಥಾನ್ 2 ಭಾಷೆಯಲ್ಲಿ ಬರೆದ ಆದೇಶಗಳನ್ನು ಪೈಥಾನ್ 3ಕ್ಕೆ ತಿದ್ದಿಕೊಳ್ಳಬೇಕು. ಆಕ್ಸೆಸ್ ಕಡತಗಳಲ್ಲಿ ದತ್ತಾಂಶ ಇಟ್ಟುಕೊಂಡಿರುವ ಕಚೇರಿಗಳು, ಆರ್ಕ್‌ಮ್ಯಾಪ್ ಕೆಲಸ ಮಾಡುತ್ತಿರುವಾಗಲೇ ಅವನ್ನು ಬೇರೆ ಸ್ವರೂಪಕ್ಕೆ ಪರಿವರ್ತಿಸಿಕೊಳ್ಳುವುದು ಸುರಕ್ಷಿತ.

ಕ್ಯೂಜಿಐಎಸ್ ಕೂಡ ಈ ಸಮಸ್ಯೆಗೆ ಹೊರತಲ್ಲ. 2.0 ಸರಣಿಯಿಂದ 3.0ಕ್ಕೆ ಬಂದಾಗ ಹಳೆಯ ಪ್ಲಗಿನ್‌ಗಳನ್ನು ಹೊಸದಾಗಿ ತಿದ್ದಬೇಕಾಯಿತು. ತಿದ್ದುವವರಿಲ್ಲದವು ಉಪಯೋಗಕ್ಕೆ ಬಾರದಾದವು. ಆದರೆ ಹಳೆಯ ಆವೃತ್ತಿಯನ್ನು ಪರವಾನಗಿಯ ಅವಧಿ ಮುಗಿಯುವ ಭಯವಿಲ್ಲದೆ ಸ್ಥಾಪಿಸಿಕೊಂಡು, ಬೇಕಾದಾಗ ಹಳೆಯ ಕೆಲಸವನ್ನು ತೆರೆದು ನೋಡುವ ಅವಕಾಶ ಉಳಿಯುತ್ತದೆ. ಕ್ಯೂಜಿಐಎಸ್‌ನಲ್ಲಿ ನಾಲ್ಕು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಸ್ಥಿರತೆ ಬಯಸುವ ಕಚೇರಿಗಳಿಗೆಂದು ವರ್ಷಕ್ಕೊಂದು ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ಗುರುತಿಸಲಾಗುತ್ತದೆ.

## ಕನ್ನಡ ದತ್ತಾಂಶ

ಕನ್ನಡದಲ್ಲಿ ಊರು, ಕೆರೆ, ಹಳ್ಳಗಳ ಹೆಸರುಗಳನ್ನು ದಾಖಲಿಸುವವರಿಗೆ ಕಡತಸ್ವರೂಪದ ಆಯ್ಕೆ ತಂತ್ರಾಂಶದ ಆಯ್ಕೆಗಿಂತಲೂ ಮುಖ್ಯವಾಗುತ್ತದೆ. ಯುನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆ ಮತ್ತು ವಿರಾಮಚಿಹ್ನೆಯಾದ ಹಲಂತಗಳೂ ಪ್ರತ್ಯೇಕ ಸಂಕೇತಗಳೇ. ಶೇಪ್‌ಫೈಲಿನ ಕಾಲಂ ಹೆಸರಿಗೆ 10 ಬೈಟ್ ಮಿತಿ ಇರುವುದರಿಂದ ಅಲ್ಲಿ ಮೂರು ಸಂಕೇತಗಳಿಗಷ್ಟೇ ಜಾಗ. 'ಊರು' ಎಂಬ ಪದ 9 ಬೈಟ್‌ಗಳಲ್ಲಿ ಹಿಡಿಸುತ್ತದೆ. 'ಗ್ರಾಮ' ಎಂಬುದಕ್ಕೆ 15 ಬೈಟ್ ಬೇಕಾದ್ದರಿಂದ ಅದು ತುಂಡಾಗುತ್ತದೆ. ಕಾಲಂ ಒಳಗಿನ ಪಠ್ಯಕ್ಕೂ 254 ಬೈಟ್‌ಗಳ ಮಿತಿ ಇದೆ. ಅಂದರೆ ಕನ್ನಡದಲ್ಲಿ 84 ಸಂಕೇತಗಳು. ಜಿಯೊಪ್ಯಾಕೇಜ್‌ನಲ್ಲಿ ಈ ತೊಡಕು ಇಲ್ಲ.

ಶೇಪ್‌ಫೈಲಿನ ಜೊತೆಗೆ ಬರುವ ಸಿಪಿಜಿ ಎಂಬ ಸಣ್ಣ ಕಡತವು ಪಠ್ಯವನ್ನು ಯಾವ ವಿಧಾನದಲ್ಲಿ ಬರೆಯಲಾಗಿದೆ ಎಂದು ತಿಳಿಸುತ್ತದೆ. ಅದು ಕಳೆದುಹೋದರೆ ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸಬಹುದು. ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ನಮೂದಿಸಿದ ಹಳೆಯ ಕೋಷ್ಟಕಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ಯಾವ ತಂತ್ರಾಂಶದಲ್ಲೂ ಹೆಸರಿನಿಂದ ಹುಡುಕಲಾಗದು.

## ನಿರ್ದೇಶಾಂಕ ವ್ಯವಸ್ಥೆ

ತಪ್ಪು ನಿರ್ದೇಶಾಂಕ ವ್ಯವಸ್ಥೆಯನ್ನು ಆರಿಸಿದರೆ ದುಬಾರಿ ತಂತ್ರಾಂಶವೂ ತಪ್ಪು ಉತ್ತರವನ್ನೇ ಕೊಡುತ್ತದೆ. ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ವಿಭಜಿಸಲಾಗಿದೆ. ಕರ್ನಾಟಕದ ಬಹುಭಾಗವು 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗಿನ 43ನೆಯ ವಲಯದಲ್ಲಿದೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು ಪಟ್ಟಣಗಳು 78 ಡಿಗ್ರಿಯ ಆಚೆ, 44ನೆಯ ವಲಯದಲ್ಲಿವೆ. ಅದೇ ಜಿಲ್ಲೆಯ ಮಾಲೂರು 43ರಲ್ಲಿ ಉಳಿಯುತ್ತದೆ. ಆದ್ದರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ಒಟ್ಟಾಗಿ ಅಳೆಯುವವರು ಇಡೀ ಕೆಲಸಕ್ಕೆ ಒಂದೇ ವಲಯವನ್ನು ನಿಗದಿಪಡಿಸಿಕೊಳ್ಳಬೇಕು ಅಥವಾ ಭೂಮಿಯ ವಕ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ವಿಸ್ತೀರ್ಣ ಹೇಳುವ ಸೌಲಭ್ಯವನ್ನು ಬಳಸಬೇಕು. ಈ ಸೌಲಭ್ಯ ಎರಡೂ ಪ್ರಮುಖ ತಂತ್ರಾಂಶಗಳಲ್ಲಿದೆ.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಸ್ಥಳಾಕೃತಿ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ರೂಪಿಸಿದ ಮುಕ್ತ ಸರಣಿಯ ನಕ್ಷೆಗಳು ಡಬ್ಲ್ಯುಜಿಎಸ್ 84 ವ್ಯವಸ್ಥೆಯಲ್ಲಿವೆ. ಎರಡನ್ನೂ ಪರಿವರ್ತನೆ ಮಾಡದೆ ಒಂದರ ಮೇಲೊಂದು ಇಟ್ಟರೆ ಸ್ಥಾನಗಳು ಜಾರಿ, ಕೆರೆಯ ಏರಿ ಪಕ್ಕದ ಹೊಲದಲ್ಲಿ ಕಾಣಿಸಿಕೊಳ್ಳಬಹುದು.

## ಭಾರತದ ನೀತಿ ಮತ್ತು ಬಳಕೆ

ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿದ ಮುಕ್ತ ಆಕರ ತಂತ್ರಾಂಶ ನೀತಿಯು, ಇ-ಆಡಳಿತ ಯೋಜನೆಗಳಿಗೆ ತಂತ್ರಾಂಶ ಆರಿಸುವಾಗ ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಅದನ್ನು ಕೈಬಿಟ್ಟರೆ ಕಾರಣ ನೀಡಬೇಕು ಎಂದು ಹೇಳುತ್ತದೆ. 2021ರ ಫೆಬ್ರವರಿಯ ಭೂದತ್ತಾಂಶ ಮಾರ್ಗಸೂಚಿಗಳು ನಕ್ಷೆ ರಚನೆಗೆ ಪೂರ್ವಾನುಮತಿ ಪಡೆಯಬೇಕೆಂಬ ನಿಯಮವನ್ನು ಬಹುಮಟ್ಟಿಗೆ ತೆಗೆದುಹಾಕಿದವು. ಅವುಗಳ ಪ್ರಕಾರ, ಸಮತಲದಲ್ಲಿ 1 ಮೀಟರ್ ಮತ್ತು ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ನಿಖರತೆಯ ದತ್ತಾಂಶವನ್ನು ಭಾರತೀಯ ಸಂಸ್ಥೆಗಳು ಮಾತ್ರ ರಚಿಸಬಹುದು, ಅದನ್ನು ಭಾರತದೊಳಗೇ ಇರಿಸಿ ಸಂಸ್ಕರಿಸಬೇಕು. ದತ್ತಾಂಶವು ಬಳಕೆದಾರರ ಗಣಕಯಂತ್ರದಲ್ಲೇ ಉಳಿಯುವ ಡೆಸ್ಕ್‌ಟಾಪ್ ವಿಧಾನದಲ್ಲಿ ಈ ನಿಯಮವನ್ನು ಪಾಲಿಸುವುದು ಸುಲಭ. ಅಂತರಜಾಲ ಸೇವೆಗೆ ಕಡತಗಳನ್ನು ಕಳಿಸುವ ಮುನ್ನ ಅವು ಎಲ್ಲಿ ಸಂಗ್ರಹವಾಗುತ್ತವೆ ಎಂದು ವಿಚಾರಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಪ್ರಮುಖ ಸರ್ಕಾರಿ ಸಂಸ್ಥೆ ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಸರ್ವೆ ನಂಬರಿನ ಸ್ಥಳವನ್ನು ಮೊಬೈಲಿನಲ್ಲಿ ತೋರಿಸುವ ದಿಶಾಂಕ್ ಆ್ಯಪ್ ಮತ್ತು ರಾಜ್ಯದ ಕೆಜಿಐಎಸ್ ಯೋಜನೆ ಈ ಕೇಂದ್ರದ ಕೆಲಸಗಳಾಗಿವೆ. ಇಂತಹ ಸೇವೆಗಳು ಜನರ ಕೈಗೆ ಬರುವ ಮೊದಲು ಗ್ರಾಮನಕ್ಷೆಗಳನ್ನು ಗಣಕೀಕರಿಸಿ ತಿದ್ದುವ ಕೆಲಸ ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿಯೇ ನಡೆಯಬೇಕು. ಜಮೀನಿನ ಗಡಿಯಂತಹ ದಾಖಲೆಗಳಲ್ಲಿ ಕಡತವೊಂದು ತೆರೆಯದೆ ಹೋದರೆ ಅಥವಾ ಪರಿವರ್ತನೆಯಲ್ಲಿ ಗಡಿ ಜಾರಿದರೆ ಅದರ ನಷ್ಟ ಕಚೇರಿಗೆ ಮಾತ್ರ ಸೀಮಿತವಾಗದೆ ರೈತರವರೆಗೂ ಮುಟ್ಟುತ್ತದೆ.

## ಕಲಿಕೆ

ಕಾಲೇಜಿನ ಪ್ರಯೋಗಾಲಯದ ಪರವಾನಗಿಯು ವಿದ್ಯಾರ್ಥಿಯೊಂದಿಗೆ ಮನೆಗೆ ಬರುವುದಿಲ್ಲ. ಪದವಿ ಮುಗಿದ ಮೇಲೆ, ಕಲಿತ ತಂತ್ರಾಂಶ ಕೈಯಲ್ಲಿಲ್ಲದೆ ಅಭ್ಯಾಸ ತಪ್ಪಿಹೋಗುವುದುಂಟು. ಪರವಾನಗಿ ಇಲ್ಲದ ನಕಲು ಪ್ರತಿಯನ್ನು ಬಳಸುವುದು ಕಾನೂನುಬಾಹಿರ. ಮುಕ್ತ ತಂತ್ರಾಂಶವನ್ನು ಮನೆಯ ಗಣಕಯಂತ್ರದಲ್ಲಿ ನಿರ್ಬಂಧವಿಲ್ಲದೆ ಬಳಸಬಹುದು. ಇನ್ನೊಂದೆಡೆ ಉದ್ಯೋಗದ ಜಾಹೀರಾತುಗಳಲ್ಲಿ ಆರ್ಕ್‌ಜಿಐಎಸ್ ಅನುಭವವನ್ನು ಕೇಳುವ ಸಂಸ್ಥೆಗಳೂ ಇವೆ. ಪ್ರಕ್ಷೇಪಣ, ಪದರ, ಬಫರ್, ಅಧ್ಯಾರೋಪಣ ಮುಂತಾದ ಮೂಲ ಪರಿಕಲ್ಪನೆಗಳು ಎರಡರಲ್ಲೂ ಒಂದೇ ಆಗಿರುವುದರಿಂದ, ಒಂದನ್ನು ಚೆನ್ನಾಗಿ ಅರಿತವರಿಗೆ ಇನ್ನೊಂದು ಕಷ್ಟವಾಗದು. ಡೆಹ್ರಾಡೂನಿನ ಭಾರತೀಯ ದೂರ ಸಂವೇದಿ ಸಂಸ್ಥೆಯು ಈ ವಿಷಯಗಳಲ್ಲಿ ಅಂತರಜಾಲದ ಮೂಲಕ ಉಚಿತ ಪಾಠಗಳನ್ನು ನಡೆಸುತ್ತದೆ.

## ಆಯ್ಕೆಯ ಮಾನದಂಡಗಳು

* ಸ್ವಂತ ಅಧ್ಯಯನ, ಶಾಲಾ ಕಾಲೇಜಿನ ಯೋಜನೆ, ಗ್ರಾಮ ಪಂಚಾಯಿತಿ ಅಥವಾ ಸ್ವಯಂಸೇವಾ ಸಂಸ್ಥೆಯ ನಕ್ಷೆಗಳಿಗೆ ಕ್ಯೂಜಿಐಎಸ್ ಸಾಮಾನ್ಯವಾಗಿ ಸಾಕು.
* ಜಲಾನಯನ ಹಾಗೂ ಭೂಸ್ವರೂಪದ ಸಂಶೋಧನೆಗೆ ಗ್ರಾಸ್ ಜಿಐಎಸ್‌ನ ಉಪಕರಣಗಳು ಉಪಯುಕ್ತ.
* ನೂರಾರು ಸಿಬ್ಬಂದಿ ಏಕಕಾಲದಲ್ಲಿ ದತ್ತಾಂಶ ತಿದ್ದುವ, ಕರಾರುಬದ್ಧ ಬೆಂಬಲ ಬೇಕಾದ ಸಂಸ್ಥೆಗಳಿಗೆ ಆರ್ಕ್‌ಜಿಐಎಸ್‌ನ ವೆಚ್ಚ ಸಮರ್ಥನೀಯವಾಗಬಹುದು.
* ಎರಡನ್ನೂ ಒಟ್ಟಿಗೆ ಬಳಸುವುದಕ್ಕೆ ಅಡ್ಡಿಯಿಲ್ಲ. ಕೆಲವರಿಗಷ್ಟೇ ಸ್ವಾಮ್ಯದ ತಂತ್ರಾಂಶದ ಪರವಾನಗಿ ಕೊಂಡು, ಉಳಿದವರಿಗೆ ಮುಕ್ತ ತಂತ್ರಾಂಶವನ್ನು ಕೊಡುವುದರಿಂದ ವೆಚ್ಚ ತಗ್ಗುತ್ತದೆ.

ಯಾವ ತಂತ್ರಾಂಶವನ್ನು ಆರಿಸುವ ಮುನ್ನವೂ ಒಂದು ಸರಳ ಪರೀಕ್ಷೆ ಮಾಡಬಹುದು. ಮಾದರಿಗಾಗಿ ಒಂದು ಸಣ್ಣ ಕೆಲಸವನ್ನು ಅದರಲ್ಲಿ ಪೂರ್ಣಗೊಳಿಸಿ, ಪದರಗಳನ್ನು ಜಿಯೊಪ್ಯಾಕೇಜ್ ಹಾಗೂ ಚಿತ್ರಗಳನ್ನು ಜಿಯೊಟಿಫ್ ಸ್ವರೂಪಕ್ಕೆ ರಫ್ತು ಮಾಡಿ, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ಗಡಿಗಳು ಸ್ವಸ್ಥಾನದಲ್ಲಿವೆಯೇ, ಕನ್ನಡದ ಹೆಸರುಗಳು ಸರಿಯಾಗಿ ಬಂದಿವೆಯೇ, ವಿಸ್ತೀರ್ಣಗಳು ತಾಳೆಯಾಗುತ್ತವೆಯೇ ಎಂದು ಪರಿಶೀಲಿಸಬೇಕು. ಅಲ್ಲಿ ಉಳಿಯದೆ ಹೋದ ಅಂಶಗಳೇ ಆ ತಂತ್ರಾಂಶದಿಂದ ಮುಂದೆ ಹೊರಬರುವಾಗ ತೆರಬೇಕಾದ ಬೆಲೆಯನ್ನು ಸೂಚಿಸುತ್ತವೆ.